ಹಿಂದಿನ ಗಾಜಿನ ಡಿಫಾಗರ್ ಕೆಟ್ಟಾಗ: ಉಸಿರು, ಬಲ್ಬು, ಮೀಟರು, ಶಾಖದ ಕ್ಯಾಮೆರಾ

ಜುಲೈ ತಿಂಗಳಲ್ಲಿ ಮಡಿಕೇರಿಯ ರಸ್ತೆಗಳಲ್ಲಿ ಕಾರು ಓಡಿಸುವವರಿಗೆ ಹಿಂದಿನ ಗಾಜಿನ ಡಿಫಾಗರ್, ಅಂದರೆ ಗಾಜನ್ನು ಬಿಸಿಮಾಡಿ ಅದರ ಮೇಲಿನ ಮಂಜು ಕರಗಿಸುವ ವ್ಯವಸ್ಥೆ, ಶೋಕಿಯ ವಸ್ತುವಲ್ಲ. ನಾನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದ 2010ರ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಕಳೆದ ಮಳೆಗಾಲದಲ್ಲಿ ಅದು ಪೂರ್ತಿ ನಿಂತುಹೋಯಿತು. ಸ್ವಿಚ್ಚಿನ ದೀಪವೇನೋ ಹೊತ್ತಿಕೊಳ್ಳುತ್ತಿತ್ತು, ಗಾಜು ಮಾತ್ರ ತಣ್ಣಗೇ ಉಳಿಯುತ್ತಿತ್ತು. ಗ್ಯಾರೇಜೊಂದರಲ್ಲಿ ಮೀಟರನ್ನೂ ಹಿಡಿಯದೆ "ಗೆರೆ ರಿಪೇರಿ ಆಗಲ್ಲ ಸಾರ್, ಗಾಜೇ ಬದಲಾಯಿಸ್ಬೇಕು" ಎಂದುಬಿಟ್ಟಿದ್ದರಿಂದ, ದೋಷ ಎಲ್ಲಿದೆ ಎಂಬುದನ್ನು ನಾನೇ ಹುಡುಕಲು ಕುಳಿತೆ. ಒಂದೇ ಕಾರಿನ ಮೇಲೆ ನಾಲ್ಕು ವಿಧಾನಗಳನ್ನು ಪ್ರಯೋಗಿಸಿದ್ದರಿಂದ, ಯಾವುದು ಯಾವುದಕ್ಕೆ ಒದಗುತ್ತದೆ ಎಂದು ಹೇಳುವಷ್ಟು ಅನುಭವವಾಗಿದೆ.

ಗಾಜಿನ ಒಳಮೈಯಲ್ಲಿ ಕಾಣುವ ತೆಳು ಗೆರೆಗಳು ಬೆಳ್ಳಿ ಬೆರೆತ ಲೇಪವನ್ನು ಅಚ್ಚೊತ್ತಿ, ಕಾಯಿಸಿ ಕೂರಿಸಿದಂಥವು. ಎಡಬಲಗಳ ಅಗಲವಾದ ಎರಡು ಪಟ್ಟಿಗಳ ನಡುವೆ ಅವು ಸಮಾಂತರವಾಗಿ ಜೋಡಣೆಯಾಗಿರುತ್ತವೆ. ಒಂದು ಪಟ್ಟಿಗೆ ಬ್ಯಾಟರಿಯ ಪಾಸಿಟಿವ್, ಇನ್ನೊಂದಕ್ಕೆ ಅರ್ತ್, ಅಂದರೆ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಯ ನೆಗೆಟಿವ್. ಹೀಗಾಗಿ ಒಂದು ಗೆರೆ ತುಂಡಾದರೆ ಆ ಗೆರೆಯೊಂದೇ ತಣ್ಣಗಾಗುತ್ತದೆ, ಉಳಿದವು ತಮ್ಮ ಪಾಡಿಗೆ ಬಿಸಿಯೇರುತ್ತಿರುತ್ತವೆ. ಇಡೀ ಗಾಜು ತಣ್ಣಗಿದ್ದರೆ ದೋಷವನ್ನು ಹುಡುಕಬೇಕಾದದ್ದು ಗೆರೆಗಳಲ್ಲಲ್ಲ; ಫ್ಯೂಸ್, ರಿಲೇ (ಸ್ವಿಚ್ ಒತ್ತಿದಾಗ ದೊಡ್ಡ ಕರೆಂಟನ್ನು ಹರಿಯಬಿಡುವ ಭಾಗ), ತಂತಿ ಇಲ್ಲವೇ ತಂತಿ ಸಿಕ್ಕಿಸಲು ಪಟ್ಟಿಗೆ ಬೆಸೆದ ಲೋಹದ ಟ್ಯಾಬ್, ಇವುಗಳಲ್ಲಿ. ಗ್ಯಾರೇಜಿನವರ ಮಾತು ನನಗೆ ಒಪ್ಪಿಗೆಯಾಗದೇ ಹೋದದ್ದು ಇದೇ ಕಾರಣಕ್ಕೆ.

ಫ್ಯೂಸ್ ಸರಿಯಿತ್ತು. ಡಿಕ್ಕಿಯ ಒಳಹೊದಿಕೆಯನ್ನು ಬಿಚ್ಚಿ, ಗಾಜಿಗೆ ಹೋಗುವ ಎರಡು ತಂತಿಗಳನ್ನು ಟ್ಯಾಬ್‌ಗಳಿಂದ ಕಳಚಿ, ಎಂಜಿನ್ ಓಡುತ್ತಿರುವಾಗ ಅವುಗಳ ನಡುವೆ ಮಲ್ಟಿಮೀಟರ್ ಹಿಡಿದೆ. 13.7 ವೋಲ್ಟ್ ತೋರಿಸಿತು. ಕರೆಂಟು ಬರುತ್ತಿದೆ, ಹಾಗಾದರೆ ಗಾಜೇ ಕೆಟ್ಟಿರಬೇಕು ಎಂದು ಒಂದು ಸಂಜೆಯೆಲ್ಲ ನಂಬಿದ್ದೆ. ಮರುದಿನ ಹಳೆಯ ಇಂಡಿಕೇಟರ್‌ನ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪನ್ನು ಅದೇ ತುದಿಗಳಿಗೆ ಮುಟ್ಟಿಸಿದಾಗ ಅದು ಕೆಂಡದಂತೆ ಮಂದವಾಗಿ ಕೆಂಪಗಾಯಿತೇ ಹೊರತು ಬೆಳಗಲಿಲ್ಲ. ಡಿಕ್ಕಿಯನ್ನು ಒಂದು ಗೇಣು ಕೆಳಗಿಳಿಸಿದೊಡನೆ ಆರಿಯೇಹೋಯಿತು. ಕೀಲಿನ ಬಳಿಯ ರಬ್ಬರ್ ಕೊಳವೆಯನ್ನು ಸರಿಸಿ ನೋಡಿದರೆ, ಅರ್ತ್ ತಂತಿಯ ಹೊರಕವಚ ಬಿರಿದು, ಒಳಗಿನ ತಾಮ್ರವೆಲ್ಲ ಹಸಿರುಗಟ್ಟಿ, ಎರಡೋ ಮೂರೋ ಎಳೆಗಳಷ್ಟೇ ಹಿಡಿದುಕೊಂಡಿದ್ದವು. ಡಿಕ್ಕಿ ತೆರೆದು ಮುಚ್ಚುವಾಗಲೆಲ್ಲ ಮಡಚಿಕೊಳ್ಳುವ ಜಾಗವದು.

ಮೀಟರಿನ ಮೂಲಕ ಹರಿಯುವ ಕರೆಂಟು ನಗಣ್ಯವಾದುದರಿಂದ ನೂಲಿನಷ್ಟು ತಾಮ್ರ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಡಿಫಾಗರಿಗೆ ಬೇಕಾಗುವುದು ಹತ್ತು ಆಂಪಿಯರಿಗೂ ಮಿಗಿಲಾದ ಕರೆಂಟು. ಬಲ್ಬು ಸುಮಾರು ಎರಡು ಆಂಪಿಯರ್ ಕೇಳಿದ್ದಕ್ಕೇ ಆ ತಂತಿ ಸೋತಿತು. ತಂತಿ, ರಿಲೇ, ಅರ್ತ್ ಇವುಗಳ ಪರೀಕ್ಷೆಯಲ್ಲಿ ನನ್ನ ಮತ ನಿಸ್ಸಂದೇಹವಾಗಿ ಬಲ್ಬಿಗೆ. ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಟೆಸ್ಟರ್ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದೂ ಮೀಟರಿನಂತೆಯೇ ಅಲ್ಪತೃಪ್ತ.

ಅರ್ತ್ ತಂತಿಯನ್ನು ಬದಲಿಸಿದ ಮೇಲೆ ಗಾಜು ಬಿಸಿಯಾಯಿತು, ಆದರೆ ಪೂರ್ತಿಯಾಗಿ ಅಲ್ಲ. ಬೆಳಗಿನ ಚಳಿಯಲ್ಲಿ ಕಾರಿನೊಳಗೆ ಕುಳಿತು ಗಾಜಿನ ಮೇಲೆ ಬಾಯಿಯಿಂದ ಹಬೆಯೂದಿ ಸ್ವಿಚ್ ಹಾಕಿದರೆ, ಬಿಸಿಯಾದ ಗೆರೆಗಳ ಗುಂಟ ಮಂಜು ಕರಗಿ ಸ್ವಚ್ಛ ಪಟ್ಟೆಗಳು ಮೂಡುತ್ತವೆ. ಕೆಳಗಿನಿಂದ ನಾಲ್ಕನೆಯ ಮತ್ತು ಐದನೆಯ ಗೆರೆಗಳ ಮೇಲೆ ಮಾತ್ರ ಮಂಜು ಹಾಗೆಯೇ ನಿಂತಿತ್ತು. ಖರ್ಚಿಲ್ಲದ ಈ ಪರೀಕ್ಷೆ ಯಾವ ಗೆರೆ ಸತ್ತಿದೆ ಎಂಬುದನ್ನು ಚೆನ್ನಾಗಿ ಹೇಳುತ್ತದೆ, ಎಲ್ಲಿ ತುಂಡಾಗಿದೆ ಎಂಬುದನ್ನು ಹೇಳುವುದಿಲ್ಲ. ಗೆರೆಯ ಯಾವ ಮೂಲೆಯಲ್ಲಿ ಕಡಿತವಾದರೂ ಆ ಗೆರೆಯಲ್ಲಿ ಕರೆಂಟು ಹರಿಯುವುದೇ ನಿಲ್ಲುವುದರಿಂದ ಅದು ಈ ತುದಿಯಿಂದ ಆ ತುದಿಯವರೆಗೂ ತಣ್ಣಗಿರುತ್ತದೆ. ಮಂಜು ನಿಂತ ಜಾಗದ ಮಧ್ಯದಲ್ಲೇ ದೋಷವಿದೆ ಎಂದು ತುಂಡಾದ ಗೆರೆಯನ್ನು ಕೂಡಿಸುವ ಬಣ್ಣವನ್ನು ಅಲ್ಲಿ ಬಳಿದರೆ ಅದು ವ್ಯರ್ಥ ಶ್ರಮ.

ಶಾಖದ ಕ್ಯಾಮೆರಾವನ್ನು ಪರಿಚಿತರೊಬ್ಬರಿಂದ ಒಂದು ಮಧ್ಯಾಹ್ನದ ಮಟ್ಟಿಗೆ ಎರವಲು ತಂದಿದ್ದೆ. ಸುಂದರವಾದ ಚಿತ್ರವೇನೋ ಬಂತು. ನನ್ನ ಮುಖದ ಶಾಖವೂ ಗಾಜಿನಲ್ಲಿ ಪ್ರತಿಫಲಿಸಿ ನಡುವೆ ಒಂದು ಹಳದಿ ಕುಂಬಳಕಾಯಿಯಂತೆ ಕಾಣಿಸಿತು. ಉಸಿರು ಹೇಳಿದ್ದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳಲಿಲ್ಲ. ಇದಕ್ಕೆಂದೇ ಅದನ್ನು ಕೊಳ್ಳುವುದು ದಂಡ.

ಕಡಿತದ ಜಾಗವನ್ನು ಹಿಡಿದುಕೊಟ್ಟದ್ದು ನಾನು ಮೊದಲು ಬೈದುಕೊಂಡಿದ್ದ ಮೀಟರೇ. ಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಲೋಹದ ಮೈಗೆ ಹಿಡಿಸಿ, ಕೆಂಪು ಕಡ್ಡಿಯ ಮೊನೆಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಅದನ್ನು ಬೆರಳಿನಿಂದ ಗೆರೆಗೆ ಒತ್ತಿಹಿಡಿದು ನಿಧಾನವಾಗಿ ಸರಿಸಬೇಕು. ಬರಿಯ ಮೊನೆಯಿಂದ ಎಳೆದರೆ ಒಳ್ಳೆಯ ಗೆರೆಯೂ ಗೀಚಿಹೋಗುತ್ತದೆ. ಆರೋಗ್ಯವಂತ ಗೆರೆಯಲ್ಲಿ ವೋಲ್ಟೇಜು ಪಾಸಿಟಿವ್ ಕಡೆಯ 13ರಿಂದ ಇಳಿಯುತ್ತ, ನಡುವೆ ಆರೂವರೆಯ ಆಸುಪಾಸಿಗೆ ಬಂದು, ಇನ್ನೊಂದು ತುದಿಯಲ್ಲಿ ಸೊನ್ನೆ ಮುಟ್ಟುತ್ತದೆ. ನಾಲ್ಕನೆಯ ಗೆರೆಯಲ್ಲಿ ಅದು ಮುಕ್ಕಾಲು ಭಾಗದವರೆಗೆ 13ರಲ್ಲೇ ಅಲುಗದೆ ನಿಂತು, ಎರಡು ಬೆರಳಿನಷ್ಟು ಜಾಗ ಕಳೆಯುವಷ್ಟರಲ್ಲಿ ಸೊನ್ನೆಗೆ ಬಿತ್ತು. ಅಲ್ಲಿ ಭೂತಗನ್ನಡಿ ಹಿಡಿದಾಗ ಆ ಗೆರೆಯನ್ನೂ ಪಕ್ಕದ ಐದನೆಯದನ್ನೂ ಓರೆಯಾಗಿ ದಾಟಿದ ಬ್ಲೇಡಿನ ಗೀರು ಕಾಣಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜುಗಳ ಕೂಲಿಂಗ್ ಪೇಪರನ್ನು ನಿಷೇಧಿಸಿದಾಗ ಅವಸರದಲ್ಲಿ ಕೆರೆದು ತೆಗೆಸಿದವರಲ್ಲಿ ಈ ಕಾರಿನ ಮೊದಲ ಮಾಲೀಕರೂ ಇದ್ದಿರಬಹುದೆಂಬುದು ನನ್ನ ಊಹೆ.

ಅಳತೆಯ ನಡುವೆ ಒಮ್ಮೆ ಎಲ್ಲ ಗೆರೆಗಳೂ ಸೊನ್ನೆ ತೋರಿಸತೊಡಗಿದ್ದರಿಂದ ಗಾಬರಿಯಾಗಿತ್ತು. ಡಿಫಾಗರಿನ ಟೈಮರ್ ಹತ್ತು ಹದಿನೈದು ನಿಮಿಷಗಳಲ್ಲಿ ತಾನಾಗಿಯೇ ಆಫ್ ಮಾಡುತ್ತದೆ ಎಂಬುದು ಆಮೇಲೆ ನೆನಪಾಯಿತು. ಮೀಟರನ್ನು ಓಮ್ ಸ್ಥಾನಕ್ಕೆ ತಿರುಗಿಸಿ ಎರಡು ಪಟ್ಟಿಗಳ ನಡುವೆ ಅಳೆಯುವುದನ್ನೂ ಮಾಡಿ ನೋಡಿದೆ. ಇಡೀ ಜಾಲದ ರೋಧ ಒಂದು ಓಮ್‌ನ ಆಸುಪಾಸಿನಲ್ಲಿರುವಾಗ ಒಂದೆರಡು ಗೆರೆಗಳ ಕೊರತೆ ಮೀಟರಿನ ತಂತಿಗಳದೇ ರೋಧದಲ್ಲಿ ಕರಗಿಹೋಗುತ್ತದೆ.

ವಿದ್ಯುತ್ ಹರಿಸುವ ಬೆಳ್ಳಿ ಬಣ್ಣವನ್ನು ಗೀರಿನ ಮೇಲೆ ಬಳಿದು ಒಂದು ದಿನ ಒಣಗಲು ಬಿಟ್ಟೆ. ನಾಲ್ಕನೆಯ ಗೆರೆ ಜೀವ ಪಡೆಯಿತು, ಐದನೆಯದು ಪಡೆಯಲಿಲ್ಲ. ಮತ್ತೆ ಫಾಯಿಲ್ ಸರಿಸಿದಾಗ 13 ವೋಲ್ಟ್ ಬಣ್ಣ ಬಳಿದ ಜಾಗವನ್ನು ದಾಟಿ ಮುಂದಕ್ಕೆ ಹೋಗಿ, ಒಂದು ಗೇಣಿನಾಚೆ ಇನ್ನೊಂದು ಗೀರಿನಲ್ಲಿ ನಿಂತಿತ್ತು. ಅದನ್ನೂ ಬಳಿದಾದ ಮೇಲಿನ ಬೆಳಗ್ಗೆ ಹಬೆಯೂದಿ ನೋಡಿದೆ: ಎರಡೂ ಗೆರೆಗಳು ಮಂಜನ್ನು ಕರಗಿಸಿದವು, ಉಳಿದವುಗಳಿಗಿಂತ ಕೊಂಚ ತಡವಾಗಿ.