ಗಲ್ಲಾಪೆಟ್ಟಿಗೆ ಭದ್ರ, ಖಾತೆ ಅಭದ್ರ: ಅಂಗಡಿಯವನೊಬ್ಬ ಕಂಡ ಯುಪಿಐ

ಯುಪಿಐ ಸೇವೆಯ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಅದರ ವೇಗ, ಕ್ಯಾಷ್‌ಬ್ಯಾಕ್, ಸರ್ವರ್ ಕೈಕೊಡುವ ಗೋಳು ಇವುಗಳ ಸುತ್ತಲೇ ಇರುತ್ತವೆ. ನಾನಿಲ್ಲಿ ಅದನ್ನು ಒಂದೇ ವಿಷಯದಲ್ಲಿ ಒರೆಗೆ ಹಚ್ಚಿ ನೋಡಲು ಹೊರಟಿದ್ದೇನೆ. ಕೈಯಲ್ಲಿ ನಗದು ಕಡಿಮೆಯಾದರೆ ಕಳ್ಳತನ, ದರೋಡೆ, ಲಂಚ, ಕಪ್ಪುಹಣ ಎಲ್ಲವೂ ತಾವಾಗಿಯೇ ಇಳಿಯುತ್ತವೆ ಎಂಬ ಭರವಸೆಯೊಂದು ಈ ಸೇವೆಯ ಬೆನ್ನಿಗೆ ಮೊದಲಿನಿಂದಲೂ ಅಂಟಿಕೊಂಡಿದೆ. 2016ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಯುಪಿಐಯನ್ನು ಪರಿಚಯಿಸಿತು. ಅದೇ ವರ್ಷದ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದ ಮೇಲೆ ಅದು ಊರೂರಿಗೆ ಹಬ್ಬಿತು. 2025ರ ಆಗಸ್ಟ್ ತಿಂಗಳೊಂದರಲ್ಲೇ ಅದರ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿದೆ. ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ನಡೆಸುವ ನಾನು ಅದರಿಂದ ಹಣ ಪಡೆಯುವವನೂ ಹೌದು, ಕೊಡುವವನೂ ಹೌದು. ಹಣ ಪಾವತಿಸುವ ಸೌಲಭ್ಯವೆಂದು ನೋಡಿದರೆ ಅದಕ್ಕೆ ಐದಕ್ಕೆ ಐದು ಅಂಕ ಕೊಡಲು ನನ್ನ ತಕರಾರಿಲ್ಲ. ಅಪರಾಧಕ್ಕೆ ಮದ್ದು ಎಂದು ಯಾರಾದರೂ ಮಾರಲು ಬಂದರೆ ಎರಡೂವರೆಗಿಂತ ಹೆಚ್ಚು ಕೊಡಲಾರೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಮೊದಲು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ದಿನದ ವ್ಯಾಪಾರವೆಲ್ಲ ನೋಟಿನ ಕಟ್ಟುಗಳಾಗಿ ಕೈಚೀಲದಲ್ಲಿ ಕೂತಿರುತ್ತಿತ್ತು, ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಮನೆ ತಲುಪುವವರೆಗೆ ಹಿಂದೆ ಬರುವ ಪ್ರತಿ ಬೈಕಿನ ಮೇಲೂ ಕಣ್ಣಿಡಬೇಕಾಗುತ್ತಿತ್ತು. ಮಂಡಿಪೇಟೆಯ ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿಯನ್ನು ಹುಡುಗನ ಕೈಗೆ ಕೊಟ್ಟು ಕಳಿಸುವಾಗಲೂ ಇದೇ ಆತಂಕವಿತ್ತು. ಈಗ ಗಲ್ಲಾದಲ್ಲಿ ಉಳಿಯುವುದು ಚಿಲ್ಲರೆ ಮತ್ತು ಕೆಲವು ನೂರರ ನೋಟುಗಳು. ಅದಕ್ಕಾಗಿ ಯಾರೂ ಶಟರ್ ಮೀಟುವುದಿಲ್ಲ. ಖೋಟಾನೋಟಿನ ಕಾಟ ತಗ್ಗಿದೆ. ಕೌಂಟರಿನಲ್ಲಿ ಕೂತ ಕೆಲಸದವರ ಮೇಲೆ ಅನುಮಾನಪಡುವ ಸಂದರ್ಭಗಳೂ ಕಡಿಮೆಯಾಗಿವೆ, ಇದು ಅವರಿಗೂ ನೆಮ್ಮದಿಯ ಸಂಗತಿ.

ಇದು ನನ್ನೊಬ್ಬನ ಅನುಭವವಷ್ಟೇ ಅಲ್ಲ. ನಗದನ್ನು ಬಹುಮಟ್ಟಿಗೆ ಕೈಬಿಟ್ಟಿರುವ ಸ್ವೀಡನ್ನಿನಲ್ಲಿ 2008ರಲ್ಲಿ 110 ಬ್ಯಾಂಕ್ ದರೋಡೆಗಳು ನಡೆದಿದ್ದರೆ 2011ರಲ್ಲಿ ಆ ಸಂಖ್ಯೆ 16ಕ್ಕೆ ಇಳಿದಿತ್ತು. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಬಡವರಿಗೆ ಚೆಕ್ಕಿನ ಮೂಲಕ ಕೊಡುತ್ತಿದ್ದ ಸಹಾಯಧನವನ್ನು 1990ರ ದಶಕದಲ್ಲಿ ಕಾರ್ಡಿಗೆ ಬದಲಾಯಿಸಿದಾಗ, ಚೆಕ್ಕನ್ನು ನಗದು ಮಾಡಿಕೊಂಡು ಮನೆಗೆ ನಡೆಯುವವರ ಮೇಲೆ ಬೀಳುತ್ತಿದ್ದ ಕಳ್ಳರಿಗೆ ಕೆಲಸ ತಪ್ಪಿ, ಒಟ್ಟಾರೆ ಅಪರಾಧ ಸುಮಾರು ಶೇ. 10ರಷ್ಟು ಇಳಿದದ್ದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಬೀದಿಯಲ್ಲಿ ನಡೆಯುವ, ಕೈಯಿಂದ ಕಿತ್ತುಕೊಳ್ಳುವ ಬಗೆಯ ಅಪರಾಧದ ಮಟ್ಟಿಗೆ ಭರವಸೆ ನಿಜವಾಗಿದೆ ಎಂದು ಧಾರಾಳವಾಗಿ ಒಪ್ಪಬಹುದು.

ಕೌಂಟರಿನ ಮೇಲಿನ ಸೌಂಡ್‌ಬಾಕ್ಸ್ ಎಂಬ ಪುಟ್ಟ ಡಬ್ಬಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದು ಬರುವ ಮುಂಚೆ ಗಿರಾಕಿ ತನ್ನ ಫೋನಿನ ಪರದೆಯನ್ನು ನಮ್ಮತ್ತ ತಿರುಗಿಸಿ ಹಸಿರು ಟಿಕ್ ತೋರಿಸಿದರೆ ಅದೇ ರಸೀದಿ. ಬೆಳಗಿನ ಹಾಲು, ಮೊಟ್ಟೆ, ಬ್ರೆಡ್ಡಿನ ನೂಕುನುಗ್ಗಲಿನಲ್ಲಿ ಆ ಹಸಿರು ಟಿಕ್ ಇಂದಿನದೋ ನಿನ್ನೆಯ ಸ್ಕ್ರೀನ್‌ಶಾಟೋ ಎಂದು ನೋಡಲು ಯಾರಿಗೆ ಪುರುಸೊತ್ತು? ಪಾವತಿ ಆದಂತೆ ತೋರಿಸುವ ನಕಲಿ ಆ್ಯಪ್‌ಗಳೂ ಬಂದವು. ಡಬ್ಬಿ ಈ ಕಳ್ಳಾಟಕ್ಕೆ ಕಡಿವಾಣ ಹಾಕಿತು, ಹಣ ನಿಜವಾಗಿ ಖಾತೆಗೆ ಬಂದರೆ ಮಾತ್ರ ಅದು ಬಾಯಿ ಬಿಡುತ್ತದೆ. ಆದರೆ ಸದ್ದು ಕೇಳಿದರೆ ಸಾಲದು, ಮೊತ್ತವನ್ನು ಕೇಳಬೇಕು. 540 ರೂಪಾಯಿಯ ಸಾಮಾನಿಗೆ 54 ರೂಪಾಯಿ ಹಾಕಿ ಹೊರಡುವವರು ಇದ್ದಾರೆ. ಇನ್ನೊಂದು, ಅಂಗಡಿಯ ಹೊರಗೆ ಅಂಟಿಸಿದ ಕ್ಯೂಆರ್ ಕೋಡಿನ ಮೇಲೆ ರಾತ್ರಿ ಬೇರೆಯವರು ತಮ್ಮ ಕೋಡನ್ನು ಅಂಟಿಸಿ ಹೋಗುವ ಮೋಸವಿದೆ. ಡಬ್ಬಿ ಮೌನವಾಗಿದ್ದಾಗ ಅದು ತಿಳಿಯುತ್ತದೆ, ಆದರೂ ಕೋಡಿನ ಫಲಕವನ್ನು ರಾತ್ರಿ ಒಳಗೆ ತೆಗೆದಿಡುವುದೇ ಲೇಸು. ತಿಂಗಳ ಬಾಡಿಗೆ ಕೊಡುವುದು ಬೇಸರವೆನಿಸಿದರೂ ಇಡೀ ವ್ಯವಸ್ಥೆಯಲ್ಲಿ ಅಪರಾಧವನ್ನು ನೇರವಾಗಿ ತಡೆದ ಉಪಕರಣ ಯಾವುದೆಂದರೆ ನಾನು ಈ ಡಬ್ಬಿಯನ್ನೇ ತೋರಿಸುತ್ತೇನೆ.

ಇಷ್ಟಾದ ಮೇಲೆ ಕಳ್ಳರು ಎಲ್ಲಿಗೆ ಹೋದರು ಎಂದು ನೋಡಬೇಕು. ನಮ್ಮದೇ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದವರು ಸುಮಾರು 17 ಕಿಲೋ ಅಡವಿಟ್ಟ ಚಿನ್ನವನ್ನು ಹೊತ್ತೊಯ್ದರು. ತಿಂಗಳುಗಳ ನಂತರ ಪೊಲೀಸರು ಅದನ್ನು ತಮಿಳುನಾಡಿನ ಮಧುರೈ ಕಡೆಯ ಬಾವಿಯೊಂದರಿಂದ ಎತ್ತಿಸಿದರು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೋ ಚಿನ್ನ ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ಅದೇ ಜಿಲ್ಲೆಯ ಚಡಚಣದ ಬ್ಯಾಂಕಿನಲ್ಲಿಯೂ ಕೊಳ್ಳೆ ಹೊಡೆದವರ ಕಣ್ಣು ನೆಟ್ಟಿದ್ದು ಮುಖ್ಯವಾಗಿ ಚಿನ್ನದ ಮೇಲೆಯೇ. ರೈತನ ಹೆಂಡತಿಯ ಅವಲಕ್ಕಿ ಸರ ಮತ್ತು ಬಳೆ ಬ್ಯಾಂಕಿನ ಲಾಕರಿನಲ್ಲಿರುವವರೆಗೆ ಕ್ಯೂಆರ್ ಕೋಡು ಯಾವ ಭದ್ರತೆಯನ್ನೂ ಕೊಡಲಾರದು. ನಗದಿಗಾಗಿ ನಡೆಯುವ ದರೋಡೆಯೂ ನಿಂತಿಲ್ಲ: 2025ರ ಜನವರಿಯಲ್ಲಿ ಬೀದರಿನಲ್ಲಿ ಎಟಿಎಂಗೆ ತುಂಬಲು ತಂದ ಹಣವನ್ನು ಹಾಡಹಗಲೇ ಗುಂಡು ಹಾರಿಸಿ ದೋಚಿದರು, ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಧಿಕಾರಿಗಳೆಂದು ಹೇಳಿಕೊಂಡು ಹಣದ ವಾಹನ ತಡೆದವರು 7 ಕೋಟಿಗೂ ಮಿಕ್ಕಿ ಹಣದೊಂದಿಗೆ ಪರಾರಿಯಾದರು. ಇದರಲ್ಲಿ ಅಚ್ಚರಿಯೇನೂ ಇಲ್ಲ, ಏಕೆಂದರೆ ನಗದು ದೇಶದಲ್ಲಿ ಕಡಿಮೆಯಾಗಿಯೇ ಇಲ್ಲ. ನೋಟು ರದ್ದಾಗುವ ಮುನ್ನ ಸುಮಾರು 18 ಲಕ್ಷ ಕೋಟಿ ರೂಪಾಯಿಯಷ್ಟಿದ್ದ ಚಲಾವಣೆಯ ನಗದು 2024ರ ಮಾರ್ಚ್ ವೇಳೆಗೆ 34 ಲಕ್ಷ ಕೋಟಿಯನ್ನು ದಾಟಿತ್ತು. ಹಾಲಿನ ಪ್ಯಾಕೆಟ್ಟಿಗೆ ನಾವು ಸ್ಕ್ಯಾನ್ ಮಾಡುತ್ತೇವೆ, ನಿವೇಶನ ಕೊಳ್ಳುವಾಗ ‘ಕಪ್ಪು ಎಷ್ಟು, ಬಿಳಿ ಎಷ್ಟು’ ಎಂಬ ಚೌಕಾಸಿ ಇಂದಿಗೂ ನಡೆಯುತ್ತದೆ.

ಈ ಸೇವೆಯ ಮೇಲಿನ ನನ್ನ ಮುಖ್ಯ ದೂರು ಬೇರೆ. ನಗದಿನ ಕಳ್ಳನಿಗೆ ಒಂದು ಮಿತಿಯಿತ್ತು: ಜೇಬಿನಲ್ಲಿ ಇದ್ದಷ್ಟೇ ಅವನ ಪಾಲು. ಅದಕ್ಕೆ ಅವನು ಎದುರಿಗೆ ಬರಬೇಕಿತ್ತು, ಸಿಕ್ಕಿಬಿದ್ದು ಒದೆ ತಿನ್ನುವ ಧೈರ್ಯ ಇರಬೇಕಿತ್ತು. ಈಗಿನವನು ಫೋನ್ ವಂಚನೆಗೆ ಹೆಸರಾದ ಜಾರ್ಖಂಡಿನ ಜಾಮತಾರಾದಲ್ಲೋ ಕಾಂಬೋಡಿಯಾದಲ್ಲೋ ಕೂತು ಮಾತಿನಲ್ಲೇ ಖಾತೆಯನ್ನು ಬರಿದು ಮಾಡುತ್ತಾನೆ. ಉಳಿತಾಯ ಖಾತೆ ಮುಗಿದರೆ ನಿಶ್ಚಿತ ಠೇವಣಿಯನ್ನು ಮೊಬೈಲಿನಲ್ಲೇ ಮುರಿಸುತ್ತಾನೆ, ಅದೂ ಮುಗಿದರೆ ಬ್ಯಾಂಕು ಮೊದಲೇ ಮಂಜೂರು ಮಾಡಿಟ್ಟ ಸಾಲವನ್ನು ಎತ್ತಿಸುತ್ತಾನೆ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡ ಹಣ 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ, 2024ರಲ್ಲಿ ಸುಮಾರು 22,845 ಕೋಟಿ. ಇದೆಲ್ಲವೂ ಯುಪಿಐ ಮೂಲಕ ಹೋದ ಹಣವಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಪೊಲೀಸರೆಂದು ಸುಳ್ಳು ಹೇಳಿ, ‘ಡಿಜಿಟಲ್ ಅರೆಸ್ಟ್’ ಎಂದು ವೃದ್ಧರನ್ನು ವೀಡಿಯೊ ಕರೆಯ ಮುಂದೆ ದಿನಗಟ್ಟಲೆ ಕೂರಿಸುವವರು ದೊಡ್ಡ ಮೊತ್ತಗಳನ್ನು ಬ್ಯಾಂಕಿನಿಂದ ನೇರವಾಗಿ ವರ್ಗಾಯಿಸಿಕೊಳ್ಳುತ್ತಾರೆ. ಆದರೆ ನಗದುರಹಿತ ಸಮಾಜ ಎಂಬ ಮಾತಿನಲ್ಲಿ ಈ ಎಲ್ಲ ದಾರಿಗಳೂ ಸೇರಿವೆ, ಹಾಗಾಗಿ ಲೆಕ್ಕವನ್ನೂ ಒಟ್ಟಿಗೇ ನೋಡಬೇಕಾಗುತ್ತದೆ.

ವಿನ್ಯಾಸದಲ್ಲಿಯೇ ಇದ್ದ ಒಂದು ತೂತನ್ನು ಮುಚ್ಚಲು ಒಂಬತ್ತು ವರ್ಷ ಹಿಡಿಯಿತು. ಹಣ ಕಳಿಸಲು ಪಿನ್ ಬೇಕು, ಪಡೆಯಲು ಬೇಕಿಲ್ಲ. ಈ ಸರಳ ಸಂಗತಿ ಗೊತ್ತಿಲ್ಲದವರಿಗೆ ‘ಹಣ ಕೋರಿಕೆ’ಯ ಸಂದೇಶ ಕಳಿಸಿ, ನಿಮ್ಮ ಹಳೇ ಸೋಫಾದ ಹಣ ಹಾಕುತ್ತಿದ್ದೇನೆ, ಪಿನ್ ಒತ್ತಿ ಎಂದು ನಂಬಿಸುವುದು ಮೋಸಗಾರರ ಮಾಮೂಲಿ ವಿದ್ಯೆಯಾಗಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂತಹ ಕೋರಿಕೆಗಳು ನಿಂತಿದ್ದು 2025ರ ಅಕ್ಟೋಬರ್ 1ರಿಂದ. ನಷ್ಟ ಯಾರ ತಲೆಗೆ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಗ್ರಾಹಕನ ಅಥವಾ ಬ್ಯಾಂಕಿನ ತಪ್ಪಿಲ್ಲದೆ ಬೇರೆಯವರು ಅವನ ಖಾತೆಯಿಂದ ಹಣ ತೆಗೆದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕನಿಗೆ ಹೊಣೆಯಿಲ್ಲ. ಆದರೆ ಮರುಳಾಗಿ ಪಿನ್ನನ್ನು ತಾನೇ ಒತ್ತಿದವನನ್ನು ಈ ರಕ್ಷಣೆಯ ಹೊರಗೆ ನಿಲ್ಲಿಸಲಾಗುತ್ತದೆ, ಮತ್ತು ಯುಪಿಐ ವಂಚನೆಗಳಲ್ಲಿ ಬಹುಪಾಲು ನಡೆಯುವುದು ಹಾಗೆಯೇ.

ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಮೊದಲ ಕೆಲವು ಗಂಟೆಗಳಲ್ಲಿ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆಯಿದೆ. ಇದು ಒಳ್ಳೆಯ ವ್ಯವಸ್ಥೆ. ಅದರ ಏಟು ಮಾತ್ರ ಕೆಲವೊಮ್ಮೆ ಬೇರೆಯವರಿಗೆ ಬೀಳುತ್ತದೆ. ಕಮಿಷನ್ ಆಸೆಗೆ ವಿದ್ಯಾರ್ಥಿಗಳು, ಕೂಲಿಕಾರರು ಬಾಡಿಗೆಗೆ ಕೊಟ್ಟ ಖಾತೆಗಳ ಮೂಲಕ ಕದ್ದ ಹಣ ಕೈಬದಲಾಗುತ್ತ ಹೋಗುತ್ತದೆ, ಅದರಲ್ಲಿ ಯಾವುದೋ ಒಂದು ಖಾತೆಯವನು ನಮ್ಮಲ್ಲಿಗೆ ಬಂದು ಎರಡು ಲೀಟರ್ ಎಣ್ಣೆ ಕೊಂಡರೆ ನಮ್ಮ ಖಾತೆಯೂ ತನಿಖೆಯ ಸರಪಳಿಗೆ ಸೇರುತ್ತದೆ. ನನ್ನ ಪಕ್ಕದ ಅಂಗಡಿಯವರಿಗೆ ಹೀಗಾಯಿತು. ಕೆಲವು ನೂರು ರೂಪಾಯಿಯ ಒಂದು ಪಾವತಿಗಾಗಿ ಇಡೀ ಚಾಲ್ತಿ ಖಾತೆ ಸ್ಥಗಿತಗೊಂಡಿತು, ದೂರು ದಾಖಲಾಗಿದ್ದು ಬೇರೆ ರಾಜ್ಯದ ಠಾಣೆಯಲ್ಲಿ, ಬ್ಯಾಂಕಿನವರು ‘ಅಲ್ಲಿಂದ ಪತ್ರ ತನ್ನಿ’ ಎಂದು ಕೈತೊಳೆದುಕೊಂಡರು. ಸಗಟು ವ್ಯಾಪಾರಿಗಳಿಗೆ ಕೊಟ್ಟ ಚೆಕ್ಕುಗಳು ವಾಪಸಾದವು. ನೋಟಿನಲ್ಲಿ ವ್ಯಾಪಾರ ಮಾಡಿದವನಿಗೆ ಇಂತಹ ಗತಿ ಎಂದೂ ಬಂದಿರಲಿಲ್ಲ.

ತೆರಿಗೆಯ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ, ಆದರೆ 2025ರ ಜುಲೈನಲ್ಲಿ ನಡೆದುದನ್ನು ಮರೆಯುವಂತೆಯೂ ಇಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ರಾತ್ರೋರಾತ್ರಿ ಬಂದವು. ತೆರಿಗೆಯಿಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸು ಹೋಗಿತ್ತು. ನಗದು ಬಿಟ್ಟು ಪ್ರಾಮಾಣಿಕವಾಗಿ ಕಣ್ಣಿಗೆ ಬಿದ್ದವನು ಲೆಕ್ಕ ಕೊಡಬೇಕು, ಕಣ್ಣಿಗೆ ಬೀಳದ ದೊಡ್ಡವನು ನಿಶ್ಚಿಂತ ಎಂಬ ಭಾವನೆ ಪೇಟೆಯಲ್ಲಿ ಮೂಡಿದರೆ ಜನ ಮತ್ತೆ ನೋಟಿಗೇ ಮರಳುತ್ತಾರೆ. ಲಂಚದ ಮಟ್ಟಿಗೆ, ಫೋನಿನಲ್ಲೇ ಹಾಕಿಸಿಕೊಂಡು ಲೋಕಾಯುಕ್ತರ ಕೈಗೆ ಸಿಕ್ಕವರ ಸುದ್ದಿ ಆಗಾಗ ಬರುತ್ತದೆ; ಸ್ವಲ್ಪ ಬುದ್ಧಿಯಿದ್ದವರು ಇಂದಿಗೂ ಕವರಿನಲ್ಲೇ ತೆಗೆದುಕೊಳ್ಳುತ್ತಾರೆ.

ಹಾಗೆಂದು ಸೇವೆಯನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಬಳಸುವ ಕ್ರಮವನ್ನು ಬದಲಾಯಿಸಿಕೊಳ್ಳುವುದು ಅಗತ್ಯ. ಯುಪಿಐಗೆಂದೇ ಬೇರೊಂದು ಉಳಿತಾಯ ಖಾತೆ ತೆರೆದು ಅದರಲ್ಲಿ ತಿಂಗಳ ಖರ್ಚಿನಷ್ಟೇ ಇಡಬೇಕು. ಠೇವಣಿ, ಪಿಂಚಣಿ, ಅಂಗಡಿಯ ಬಂಡವಾಳ ಇರುವ ಖಾತೆಯನ್ನು ಆ ಫೋನಿಗೆ ಜೋಡಿಸಲೇಬಾರದು. ಆ್ಯಪ್ ಅಥವಾ ಬ್ಯಾಂಕು ದಿನದ ಮಿತಿಯನ್ನು ಇಳಿಸಲು ಬಿಟ್ಟರೆ ಇಳಿಸಬೇಕು, ಏಕೆಂದರೆ ಸಾಮಾನ್ಯ ಮಿತಿಯಾದ ಒಂದು ಲಕ್ಷ ರೂಪಾಯಿ ಕಿರಾಣಿ ಗಿರಾಕಿಗೆ ಯಾವ ದಿನವೂ ಬೇಕಾಗುವುದಿಲ್ಲ. ಮದುವೆಯ ಆಮಂತ್ರಣವೆಂದೋ ಸಂಚಾರ ದಂಡವೆಂದೋ ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಕಡತವನ್ನು, ಅಂದರೆ ಫೋನಿಗೆ ಆ್ಯಪ್ ಹಾಕುವ ಕಡತವನ್ನು, ತೆರೆಯಬಾರದು.

ಮನೆಯ ಹಿರಿಯರಿಗೆ 2024ರಲ್ಲಿ ಬಂದ ‘ಯುಪಿಐ ಸರ್ಕಲ್’ ಸೌಲಭ್ಯ ಹೆಚ್ಚು ಸೂಕ್ತ ಎಂದು ನನ್ನ ಅಭಿಪ್ರಾಯ, ಇದರ ಬಗ್ಗೆ ಬ್ಯಾಂಕುಗಳು ಯಾಕೋ ಪ್ರಚಾರ ಮಾಡುತ್ತಿಲ್ಲ. ಒಬ್ಬರ ಖಾತೆಯಿಂದ ಇನ್ನೊಬ್ಬರು ತಮ್ಮ ಫೋನಿನಲ್ಲಿ ಪಾವತಿಸಬಹುದು. ಪೂರ್ಣ ಅನುಮತಿ ಕೊಟ್ಟರೆ ತಿಂಗಳಿಗೆ 15,000 ರೂಪಾಯಿ, ಒಂದು ಬಾರಿಗೆ 5,000 ರೂಪಾಯಿಯ ಮಿತಿಯಿದೆ, ಇಲ್ಲವೇ ಪ್ರತಿ ಪಾವತಿಗೂ ಖಾತೆದಾರರ ಒಪ್ಪಿಗೆ ಬೇಕೆಂದು ಇಡಬಹುದು. ನಮ್ಮ ತಾಯಿ ಹೂವಿಗೆ, ತರಕಾರಿಗೆ, ಆಟೋಗೆ ನನ್ನ ಖಾತೆಯಿಂದಲೇ ಸ್ಕ್ಯಾನ್ ಮಾಡುತ್ತಾರೆ. ಅವರ ಪಿಂಚಣಿಯ ಪಾಸ್‌ಬುಕ್ ಯಾವ ಆ್ಯಪಿಗೂ ಸೇರದೆ ಬೀರುವಿನಲ್ಲಿದೆ, ಹಣ ಬೇಕಾದಾಗ ಅವರೇ ಬ್ಯಾಂಕಿಗೆ ಹೋಗಿ ಸಹಿ ಹಾಕಿ ತರುತ್ತಾರೆ.