ಒಂಟಿ ಕೋಶಕ್ಕೆ ಗುಳಿಯೋ, ಬಲೆಯೋ, ಹನಿಯೋ?

ಒಂದೇ ಜೀವಕೋಶವನ್ನು ಗಂಟೆಗಟ್ಟಲೆ ಸೂಕ್ಷ್ಮದರ್ಶಕದಡಿ ನೋಡಬೇಕಾದರೆ ಅದು ಇದ್ದಲ್ಲೇ ಇರಬೇಕು. ಕೂದಲೆಳೆಯಷ್ಟು ಸಣ್ಣ ಕಾಲುವೆ, ಗುಳಿಗಳಲ್ಲಿ ಕೋಶ ಹಿಡಿದಿಡುವ ಮೂರು ಬಗೆಯ ಚಿಪ್‌ಗಳನ್ನೂ ಬಳಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಚಿತ್ರ ತೆಗೆಯುವಾಗ ಕೋಶದ ಸುತ್ತಲಿನ ದ್ರವವನ್ನು ಬದಲಿಸಬೇಕೇ ಎಂದು ಮೊದಲು ತೀರ್ಮಾನಿಸಿ. ಆಯ್ಕೆ ಅಲ್ಲಿಗೇ ಮುಕ್ಕಾಲು ಮುಗಿಯುತ್ತದೆ.

ಗುಳಿಯ ಚಿಪ್ ಸರಳ, ಪಂಪ್ ಬೇಡ. 20–30 ಮೈಕ್ರೋಮೀಟರ್ ಅಗಲದ ಗುಳಿಗಳ ಮೇಲೆ ಕೋಶಗಳನ್ನು ಸುರಿದು, ಹತ್ತು ನಿಮಿಷ ಬಿಟ್ಟು, ಉಳಿದವನ್ನು ಮೆಲ್ಲಗೆ ತೊಳೆದರಾಯಿತು. ಆದರೆ ಬೀಳುವುದು ಅದೃಷ್ಟದಂತೆ: ಗುಳಿಗೆ ಸರಾಸರಿ ಒಂದರಂತೆ ಹಾಕಿದರೂ ಒಂಟಿ ಕೋಶ ಸಿಗುವುದು ಸುಮಾರು 37% ಗುಳಿಗಳಲ್ಲಿ, ಅಷ್ಟೇ ಗುಳಿಗಳು ಖಾಲಿ. ಚಿಪ್ ಮಾಡುವ ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್ ರಬ್ಬರ್) ನೀರನ್ನು ದೂರ ತಳ್ಳುವ ವಸ್ತುವಾದ್ದರಿಂದ ಗುಳಿಯ ತಳದಲ್ಲಿ ಗಾಳಿ ಕೂರುತ್ತದೆ. ಮೊದಲು ಎಥನಾಲ್‌ನಿಂದ ಒದ್ದೆ ಮಾಡಿ, ಬಳಿಕ ಕೋಶಕ್ಕೆ ಒಗ್ಗುವ ಉಪ್ಪಿನ ದ್ರಾವಣವಾದ ಬಫರ್‌ನಿಂದ ಚೆನ್ನಾಗಿ ತೊಳೆಯಿರಿ. ಬಣ್ಣ ಹಾಕದೆಯೇ ಪಾರದರ್ಶಕ ಕೋಶವನ್ನು ತೋರಿಸುವ ಫೇಸ್ ಕಾಂಟ್ರಾಸ್ಟ್‌ನಲ್ಲಿ ಗುಳಿಯ ಅಂಚು ಹೊಳೆದು ಕೋಶದ ಗಡಿಯನ್ನೇ ಮರೆಮಾಡುತ್ತದೆ. ಹೊಳೆಯುವ ಬಣ್ಣ ಬಳಸಿ ನೋಡುವ ಫ್ಲೋರೆಸೆನ್ಸ್‌ಗೆ ಈ ತೊಂದರೆ ಕಡಿಮೆ.

ದ್ರವ ಬದಲಿಸಬೇಕಾದರೆ ಬಲೆಯೇ ಸರಿ. ಕಾಲುವೆಯಲ್ಲಿ ಬಟ್ಟಲಿನಾಕಾರದ ಅಡ್ಡಿಗಳು, ಅವುಗಳಡಿ ಸುಮಾರು 2 ಮೈಕ್ರೋಮೀಟರ್ ಸಂದು. ಒಂದು ಕೋಶ ಬಂದು ಸಂದನ್ನು ಮುಚ್ಚಿದರೆ ಹರಿವು ಪಕ್ಕಕ್ಕೆ ತಿರುಗಿ ಮುಂದಿನದು ಮುಂದಿನ ಬಲೆಗೆ ಹೋಗುತ್ತದೆ. ಹರಿವು ಜೋರಾದರೆ ಮಾತ್ರ ಕೋಶ ಹಿಂಡಿಕೊಂಡು ಆಚೆ ನುಸುಳುತ್ತದೆ. ಸಿರಿಂಜ್ ಪಂಪ್ ನಿಧಾನದಲ್ಲಿ ತಡೆತಡೆದು ತಳ್ಳುವುದರಿಂದ, ದ್ರವದ ಬಾಟಲಿಯನ್ನು ಎತ್ತರದಲ್ಲಿಡುವುದು ಮೇಲು, 10 ಸೆಂ.ಮೀ. ಎತ್ತರ ಸುಮಾರು 1 ಕಿಲೋಪ್ಯಾಸ್ಕಲ್ ಒತ್ತಡ ಕೊಡುತ್ತದೆ. ಕೋಶಗಳನ್ನು 40 ಮೈಕ್ರೋಮೀಟರ್ ಜಾಲರಿಯಲ್ಲಿ ಸೋಸಿ, ಇಲ್ಲವಾದರೆ ಗಂಟುಗಟ್ಟಿದವು ಕಾಲುವೆಯ ಬಾಯಲ್ಲೇ ಸಿಕ್ಕಿಕೊಳ್ಳುತ್ತವೆ. ಮೀಡಿಯಂ (ಕೋಶಕ್ಕೆ ಪೋಷಣೆ ಕೊಡುವ ದ್ರವ) ತಣ್ಣಗಿದ್ದರೆ ಚಿಪ್‌ನಲ್ಲಿ ಬಿಸಿಯಾಗುತ್ತಲೇ ಕರಗಿದ್ದ ಗಾಳಿ ಗುಳ್ಳೆಯಾಗುತ್ತದೆ. ಒಂದೇ ಗುಳ್ಳೆ ಇಡೀ ಸಾಲನ್ನು ಗುಡಿಸಿಬಿಡುತ್ತದೆ. ಮೊದಲೇ 37 ಡಿಗ್ರಿಗೆ ಬಿಸಿ ಮಾಡಿಟ್ಟಿರಿ.

ಕೋಶಗಳನ್ನು ಎಣ್ಣೆಯೊಳಗಿನ ನೀರಿನ ಹನಿಗಳಲ್ಲಿ ಹಿಡಿಯುವ ಹನಿಯ ಚಿಪ್‌ನ ವೇಗ ಬೆರಗಿನದು, ಸೆಕೆಂಡಿಗೆ ಸಾವಿರಾರು ಹನಿ. ಆದರೆ ಒಂದರಲ್ಲಿ ಎರಡು ಬೀಳದಂತೆ ಕೋಶಗಳನ್ನು ತೆಳುವಾಗಿಸಿದರೆ, ಹತ್ತು ಹನಿಗೆ ಒಂದರಂತೆ, ಸುಮಾರು 90% ಖಾಲಿ ಹೋಗುತ್ತವೆ. 50 ಮೈಕ್ರೋಮೀಟರ್ ಹನಿಯಲ್ಲಿ ಹಿಡಿಯುವುದು 65 ಪಿಕೋಲೀಟರ್. ಕೋಶ ಸ್ರವಿಸಿದ್ದೆಲ್ಲ ಅಲ್ಲೇ ಉಳಿಯುವುದರಿಂದ ಅಳೆಯಲು ಸುಲಭ. ಚಿತ್ರಕ್ಕೆ ಮಾತ್ರ ಒಗ್ಗದು: ಹನಿ ಸರಿದಾಡುತ್ತದೆ, ಫ್ಲೋರಿನ್ ಎಣ್ಣೆಯ ವಕ್ರೀಭವನ ನೀರಿನದಕ್ಕಿಂತ ಬೇರೆಯಾದ್ದರಿಂದ ಅಂಚಿನಲ್ಲಿ ಬೆಳಕು ಬಾಗುತ್ತದೆ.

ಪಿಡಿಎಂಎಸ್‌ನಲ್ಲೇ ಮಾಡುವುದಾದರೆ ಅದರ ದ್ರವವನ್ನೂ ಗಟ್ಟಿಯಾಗಿಸುವ ದ್ರವವನ್ನೂ 10:1 ತೂಕದಲ್ಲಿ ಬೆರೆಸಿ, ಗಾಳಿ ತೆಗೆದು ಗಟ್ಟಿಯಾಗಿಸಿ, ಅಂಟಲೆಂದು ಮೇಲ್ಮೈಗೆ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಹಾಯಿಸಿ 0.17 ಮಿ.ಮೀ. ಕವರ್‌ಸ್ಲಿಪ್‌ಗೇ ಅಂಟಿಸಿ. 1 ಮಿ.ಮೀ. ಸ್ಲೈಡ್‌ಗೆ ಅಂಟಿಸಿದರೆ 60 ಅಥವಾ 100 ಪಟ್ಟು ಹಿಗ್ಗಿಸುವ, ಎಣ್ಣೆ ಹಚ್ಚಿ ಬಳಸುವ ಲೆನ್ಸ್ ಕೋಶದವರೆಗೆ ಫೋಕಸ್ ಆಗುವುದೇ ಇಲ್ಲ. ಔಷಧಿ ಪರೀಕ್ಷೆಯಿದ್ದರೆ ಇನ್ನೊಂದು ಎಚ್ಚರ: ಕೊಬ್ಬಿನಲ್ಲಿ ಕರಗುವ ಅಣುಗಳನ್ನು ಪಿಡಿಎಂಎಸ್ ಹೀರಿಕೊಳ್ಳುತ್ತದೆ, ಹಾಕಿದಷ್ಟು ಪ್ರಮಾಣ ಕೋಶಕ್ಕೆ ಮುಟ್ಟದು.