ಸ್ಕ್ವಾಶ್, ಮರ್ಜ್, ರೀಬೇಸ್: ಹೊಸಬರ ಕೋಡ್ ಒಳಗೆ ತರಲು ಯಾವ ಬಟನ್?

ಪುಲ್ ರಿಕ್ವೆಸ್ಟ್ (‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಎಂದು ಬೇರೆಯವರು ಕಳಿಸುವ ಕೋರಿಕೆ) ಒಪ್ಪಿಕೊಳ್ಳಲು, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಮೂರು ಬಟನ್ ಇವೆ. ನಮ್ಮ ಪ್ರಾಜೆಕ್ಟಿನಲ್ಲಿ ಮೂರನ್ನೂ ಬಳಸಿ ನೋಡಿ, ಈಗ ಎರಡನ್ನು ಬಂದ್ ಮಾಡಿ ಸ್ಕ್ವಾಶ್ ಒಂದನ್ನೇ ಉಳಿಸಿಕೊಂಡಿದ್ದೇವೆ. ಪ್ರಾಜೆಕ್ಟ್ ಸಣ್ಣದು: ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪೈಥಾನ್ ಟೂಲ್. ಕೋಡ್ ಕಳಿಸುವವರಲ್ಲಿ ಹೆಚ್ಚಿನವರು ಬೆಳಗಾವಿ, ಬಾಗಲಕೋಟೆ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಎಷ್ಟೋ ಜನರಿಗೆ ಅದೇ ಮೊದಲ ಪುಲ್ ರಿಕ್ವೆಸ್ಟ್. ಇಂಟರ್ನಲ್ಸ್ ಮುಗಿದ ಕೂಡಲೇ ರಾಶಿ ಬಂದು ಬೀಳುತ್ತವೆ, ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದರೆ ಒಂದೂ ಇಲ್ಲ. ರಿವ್ಯೂ ಮಾಡುವವರು ಇಬ್ಬರೇ, ಅದೂ ಡ್ಯೂಟಿ ಮುಗಿಸಿ ರಾತ್ರಿ ಹೊತ್ತು. ದೊಡ್ಡ ತಂಡ ಇರುವವರ ಲೆಕ್ಕ ಬೇರೆ ಆಗಬಹುದು.

ಮೊದಲು ಹೊಸಬರ ಬ್ರಾಂಚ್ (ಮೂಲ ಕೋಡಿನಿಂದ ಕವಲು ತೆಗೆದು ಅವರು ಕೆಲಸ ಮಾಡುವ ಜಾಗ) ಒಳಗೆ ಏನಿರುತ್ತದೆ ನೋಡಿ. ಅರ್ಕಾವತ್ತಿನ ನಿಯಮ ಸರಿಪಡಿಸಲು ಒಬ್ಬರು ಕಳಿಸಿದ ಕಮಿಟ್‌ಗಳ, ಅಂದರೆ ಹೆಸರು ಕೊಟ್ಟು ಉಳಿಸಿದ ಒಂದೊಂದು ಬದಲಾವಣೆಯ, ಹೆಸರು ಸಾಮಾನ್ಯವಾಗಿ ಹೀಗಿರುತ್ತವೆ: ‘ಅರ್ಕಾವತ್ತು ಬದಲಾವಣೆ’, ‘ಫಿಕ್ಸ್’, ‘ಫಿಕ್ಸ್ 2’, ‘ಮರ್ಜ್ ಬ್ರಾಂಚ್ ಮೇನ್’, ‘ಈಗ ಪಕ್ಕಾ’. ಮಧ್ಯದ ಕಮಿಟ್‌ಗಳಲ್ಲಿ ಟೆಸ್ಟ್ ಓಡುವುದಿಲ್ಲ. ಕೊನೆಯದು ಮಾತ್ರ ಸರಿ ಇರುತ್ತದೆ. ಇದು ತಪ್ಪಲ್ಲ, ಕಲಿಯುವವರು ಹೀಗೇ ಬರೆಯುತ್ತಾರೆ. ಆದರೆ ಇವೆಲ್ಲ ಮೇನ್ ಬ್ರಾಂಚಿನ, ಅಂದರೆ ಎಲ್ಲರಿಗೂ ಮೂಲವಾದ ಮುಖ್ಯ ಕವಲಿನ, ಇತಿಹಾಸದಲ್ಲಿ ಕೂರಬೇಕೇ?

ಮರ್ಜ್ ಕಮಿಟ್ ಬಟನ್ ಒತ್ತಿದರೆ ಕೂರುತ್ತವೆ. ಅದು ಬ್ರಾಂಚಿನ ಕಮಿಟ್‌ಗಳನ್ನು ಹಾಗೇ ತಂದು, ಜೋಡಿಸಲು ಮರ್ಜ್ ಕಮಿಟ್ ಎಂಬ ಇನ್ನೊಂದನ್ನು ಮೇಲೆ ಇಡುತ್ತದೆ. ಗಿಟ್‌ಹಬ್ ಹಿಂದೆ ಇತಿಹಾಸ ಇಡುವ ಟೂಲ್ ಗಿಟ್. ಯಾವ ಬದಲಾವಣೆಯಿಂದ ತೊಂದರೆಯಾಯಿತು ಎಂದು ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತ ಹುಡುಕುವ ಗಿಟ್ ಬೈಸೆಕ್ಟ್ ಓಡಿಸಿದಾಗ ಅದು ‘ಫಿಕ್ಸ್ 2’ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲಿ ಟೆಸ್ಟ್ ಬೀಳಲು ಕಾರಣವೇ ಬೇರೆ, ಹಾಗಾಗಿ ಸ್ಕಿಪ್ ಸ್ಕಿಪ್ ಎನ್ನುತ್ತ ಕೂರಬೇಕು. ಗಿಟ್ 2.29ರಿಂದ, ಅಂದರೆ 2020ರಿಂದ, ಬೈಸೆಕ್ಟ್‌ಗೆ --ಫಸ್ಟ್-ಪೇರೆಂಟ್ ಆಯ್ಕೆ ಬಂದಿದೆ. ಅದನ್ನು ಕೊಟ್ಟರೆ ಬ್ರಾಂಚಿನ ಒಳಗೆ ಇಳಿಯದೆ ಮರ್ಜ್ ಕಮಿಟ್‌ಗಳನ್ನಷ್ಟೇ ಪರೀಕ್ಷಿಸುತ್ತದೆ. ಇತಿಹಾಸ ತೋರಿಸುವ ಗಿಟ್ ಲಾಗ್‌ಗೂ ಅದೇ ಆಯ್ಕೆ ಇದೆ. ಎಲ್ಲರೂ ನೆನಪಿಟ್ಟು ಹಾಕಿದರೆ ಮರ್ಜ್ ಕಮಿಟ್ ಚೆನ್ನಾಗಿಯೇ ನಡೆಯುತ್ತದೆ, ಆದರೆ ಎಲ್ಲರೂ ಹಾಕುವುದಿಲ್ಲ. ರಿವರ್ಟ್ ಮಾಡುವಾಗಲೂ, ಅಂದರೆ ಒಳಗೆ ಬಂದ ಬದಲಾವಣೆಯನ್ನು ರದ್ದು ಮಾಡುವಾಗಲೂ, ಒಂದು ಕೊಕ್ಕೆ ಇದೆ. -ಎಂ 1 (ಮೇನ್ ಕಡೆಯದನ್ನೇ ಮೂಲವೆಂದು ಹಿಡಿ) ಎಂದು ಹೇಳದಿದ್ದರೆ ಗಿಟ್ ಒಪ್ಪುವುದಿಲ್ಲ. ರಿವರ್ಟ್ ಆದ ಬ್ರಾಂಚನ್ನೇ ತಿದ್ದಿ ಮತ್ತೆ ಮರ್ಜ್ ಮಾಡಿದರೆ ಹೊಸ ಕಮಿಟ್‌ಗಳಷ್ಟೇ ಬರುತ್ತವೆ, ಹಳೆಯವು ಬರುವುದಿಲ್ಲ. ಗಿಟ್ ಪ್ರಕಾರ ಅವು ಆಗಲೇ ಇತಿಹಾಸದಲ್ಲಿವೆ. ಮೊದಲು ಆ ರಿವರ್ಟ್ ಅನ್ನೇ ರಿವರ್ಟ್ ಮಾಡಬೇಕು. ಲಿನಕ್ಸ್ ಕರ್ನಲ್‌ನಂಥ ಕಡೆ, ಪ್ರತಿ ಕಮಿಟ್ಟೂ ತನ್ನಷ್ಟಕ್ಕೆ ಪೂರ್ತಿಯಾಗಿ ಬರುವಲ್ಲಿ, ಮರ್ಜ್ ಕಮಿಟ್‌ಗೆ ಬೆಲೆ ಇದೆ.

ರೀಬೇಸ್ ಬಟನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅದು ಬ್ರಾಂಚಿನ ಕಮಿಟ್‌ಗಳನ್ನು ಒಂದೊಂದಾಗಿ ಮೇನ್ ತುದಿಯ ಮೇಲೆ ಮತ್ತೆ ಹಚ್ಚುತ್ತದೆ. ‘ಫಿಕ್ಸ್ 2’ ಇಲ್ಲಿಯೂ ಮೇನ್‌ಗೆ ಬರುತ್ತದೆ, ಅದು ಯಾವ ಗುಂಪಿನದೆಂದು ಹೇಳುವ ಮರ್ಜ್ ಕಮಿಟ್ ಕೂಡ ಇರುವುದಿಲ್ಲ. ಹ್ಯಾಶ್‌ಗಳು (ಪ್ರತಿ ಕಮಿಟ್ಟಿನ ಗುರುತು) ಬದಲಾಗುತ್ತವೆ. ಸಹಿ ಹಾಕಿದ ಕಮಿಟ್ ಕಳಿಸಿದವರ ಸಹಿಯೂ ಉಳಿಯುವುದಿಲ್ಲ. ನಮ್ಮಂಥ ಪ್ರಾಜೆಕ್ಟಿಗೆ ಮೂರರಲ್ಲಿ ಇದೇ ಕೊನೆಯದು.

ಸ್ಕ್ವಾಶ್‌ನಲ್ಲಿ ಒಂದು ಪುಲ್ ರಿಕ್ವೆಸ್ಟ್ ಅಂದರೆ ಮೇನ್‌ನಲ್ಲಿ ಒಂದೇ ಕಮಿಟ್. ಬೈಸೆಕ್ಟ್ ನೇರ, ರಿವರ್ಟ್ ನೇರ. ಇಷ್ಟೆಲ್ಲ ಸುಖ ಕೊಟ್ಟು ಒಂದು ಕಡೆ ಮಾತ್ರ ಕಾಡುತ್ತದೆ, ಮತ್ತು ಅದು ಕಾಡುವುದು ನಮ್ಮನ್ನಲ್ಲ, ಕೋಡ್ ಕಳಿಸಿದವರನ್ನು.

“ಸರ್, ನಂದ ಕೋಡ್ ನನಗ ಕಾನ್‌ಫ್ಲಿಕ್ಟ್ ಕೊಡಾಕತ್ತೈತ್ರಿ, ಅದು ಮರ್ಜ್ ಆಗೇತಲ್ರಿ?” ಎನ್ನುವ ಪ್ರಶ್ನೆ ಸ್ಕ್ವಾಶ್ ಶುರುವಾದ ಮೇಲೆ ಪದೇ ಪದೇ ಬರುತ್ತದೆ. ಕಾನ್‌ಫ್ಲಿಕ್ಟ್ ಅಂದರೆ ಒಂದೇ ಸಾಲು ಎರಡು ಕಡೆ ಬೇರೆ ಬೇರೆಯಾಗಿ ಬದಲಾಗಿ, ಯಾವುದನ್ನು ಇಡಬೇಕೆಂದು ಗಿಟ್‌ಗೆ ತಿಳಿಯದಿರುವುದು. ಆಗುವುದು ಹೀಗೆ. ನುಡಿ ಕಡತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ವಿದ್ಯಾರ್ಥಿ ‘ಅರ್ಕಾವತ್ತು’ ಬ್ರಾಂಚಿನಲ್ಲಿ ಈ ಸ್ಥಾನಪಲ್ಲಟದ ಸಾಲು ಬರೆದು, ಆಮೇಲೆ ಅದನ್ನೇ ಎರಡು ಕಮಿಟ್‌ಗಳಲ್ಲಿ ತಿದ್ದುತ್ತಾರೆ. ರಿವ್ಯೂಗೆ ಕಾಯುವ ಬದಲು ಅದರ ಮೇಲೆಯೇ ‘ಒತ್ತಕ್ಷರ’ ಎಂಬ ಎರಡನೇ ಬ್ರಾಂಚ್ ತೆಗೆದು ಕೆಲಸ ಮುಂದುವರಿಸುತ್ತಾರೆ. ಮೊದಲನೆಯದು ಸ್ಕ್ವಾಶ್ ಆಗಿ ಮೇನ್‌ಗೆ ಬಂತು. ಆದರೆ ಮೇನ್‌ನಲ್ಲಿರುವುದು ಹೊಸದೊಂದು ಕಮಿಟ್, ಮೂಲದ ಮೂರು ಕಮಿಟ್‌ಗಳಿಗೂ ಅದಕ್ಕೂ ಗಿಟ್ ಲೆಕ್ಕದಲ್ಲಿ ಸಂಬಂಧವೇ ಇಲ್ಲ. ಎರಡೂ ಕಡೆ ಸಾಲು ಅಕ್ಷರಶಃ ಒಂದೇ ಇದ್ದರೆ ಮರ್ಜ್ ಮಾಡುವಾಗ ತಕರಾರು ಬರುವುದಿಲ್ಲ. ಒತ್ತಕ್ಷರ ಬ್ರಾಂಚಿನಲ್ಲಿ ಅದೇ ಸಾಲನ್ನು ಸ್ವಲ್ಪ ಮುಟ್ಟಿದ್ದರೂ ಕಾನ್‌ಫ್ಲಿಕ್ಟ್.

ಬರೀ ರೀಬೇಸ್ ಮಾಡಿದರೆ ಇನ್ನೂ ಗೋಳು: ಹಳೆಯ ಮೂರು ಕಮಿಟ್‌ಗಳನ್ನು ಒಂದೊಂದಾಗಿ, ಆಗಲೇ ಬದಲಾದ ಸಾಲಿನ ಮೇಲೆ ಹಚ್ಚಲು ಹೋಗಿ ಮೊದಲನೆಯದರಲ್ಲೇ ಸಿಕ್ಕಿಬೀಳುತ್ತದೆ. ಮೊದಲ ಬ್ರಾಂಚಿನಲ್ಲಿ ಒಂದೇ ಕಮಿಟ್ ಇದ್ದರೆ ಈ ಫಜೀತಿ ಸಾಮಾನ್ಯವಾಗಿ ಇಲ್ಲ. ಬದಲಾವಣೆ ತದ್ರೂಪು ಎಂದು ಗುರುತಿಸಿ ರೀಬೇಸ್ ತಾನೇ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮೂರು ಸೇರಿ ಒಂದಾದಾಗ ಆ ಗುರುತು ಸಿಗುವುದಿಲ್ಲ.

ಮದ್ದು ಎರಡು ಸಾಲಿನದು. ಮೊದಲು ‘ಗಿಟ್ ಫೆಚ್ ಅಪ್‌ಸ್ಟ್ರೀಮ್’ (ಅಪ್‌ಸ್ಟ್ರೀಮ್ ಅಂದರೆ ನಮ್ಮ ಮೂಲ ಪ್ರಾಜೆಕ್ಟ್). ಆಮೇಲೆ ‘ಗಿಟ್ ರೀಬೇಸ್ --ಆನ್‌ಟು ಅಪ್‌ಸ್ಟ್ರೀಮ್/ಮೇನ್ ಅರ್ಕಾವತ್ತು ಒತ್ತಕ್ಷರ’. ಅಂದರೆ ಅರ್ಕಾವತ್ತು ಬ್ರಾಂಚಿನಲ್ಲಿ ಇಲ್ಲದ, ಒತ್ತಕ್ಷರದಲ್ಲಿ ಮಾತ್ರ ಇರುವ ಕಮಿಟ್‌ಗಳನ್ನಷ್ಟೇ ಎತ್ತಿ ಹೊಸ ಮೇನ್ ಮೇಲೆ ಇಡು ಎಂದು. ನಂತರ --ಫೋರ್ಸ್-ವಿತ್-ಲೀಸ್ (ಬೇರೆಯವರ ಹೊಸ ಕೆಲಸ ಅಳಿಯದಂತೆ ನೋಡಿಕೊಂಡು ಬಲವಂತವಾಗಿ ಕಳಿಸುವ ಆಯ್ಕೆ) ಹಾಕಿ ಪುಶ್ ಮಾಡಬೇಕು. ಇದು ಮುಗಿಯುವವರೆಗೆ ತಮ್ಮ ಲ್ಯಾಪ್‌ಟಾಪಿನ ಹಳೆಯ ಬ್ರಾಂಚ್ ಅಳಿಸಬಾರದು. ಅಳಿಸಿದ್ದರೆ ಅದರ ಕೊನೆಯ ಕಮಿಟ್ಟಿನ ಹ್ಯಾಶ್ ಅನ್ನು ಲಾಗ್‌ನಲ್ಲಿ ಹುಡುಕಿ ಹೆಸರಿನ ಜಾಗದಲ್ಲಿ ಕೊಡಬೇಕು. ಎರಡನೇ ಬ್ರಾಂಚ್ ತೆಗೆದ ಮೇಲೆ ಮೊದಲನೆಯದನ್ನು ರೀಬೇಸ್ ಮಾಡಿದ್ದರೂ ಹೆಸರು ಸಾಲದು, ಕವಲೊಡೆದ ಜಾಗದ ಹ್ಯಾಶೇ ಬೇಕು.

ಫೋರ್ಕಿನ (ಗಿಟ್‌ಹಬ್‌ನಲ್ಲಿ ತಮ್ಮ ಖಾತೆಗೆ ಮಾಡಿಕೊಂಡ ಪ್ರತಿಯ) ಮೇನ್‌ನಲ್ಲೇ ಕೆಲಸ ಮಾಡಿ ಅಲ್ಲಿಂದಲೇ ಪುಲ್ ರಿಕ್ವೆಸ್ಟ್ ಕಳಿಸುವವರಿಗೂ ಇದೇ ಪಾಡು. ಸ್ಕ್ವಾಶ್ ಆದಮೇಲೆ ಅವರ ಮೇನ್ ನಮ್ಮ ಮೇನ್‌ನಿಂದ ಶಾಶ್ವತವಾಗಿ ಬೇರೆಯಾಗುತ್ತದೆ, ಮುಂದಿನ ಪುಲ್ ರಿಕ್ವೆಸ್ಟಿನಲ್ಲಿ ಹಳೆಯ ಕಮಿಟ್‌ಗಳೆಲ್ಲ ಮತ್ತೆ ಕಾಣಿಸುತ್ತವೆ. ಉಳಿಸಿಕೊಳ್ಳುವ ಕೆಲಸ ಏನಾದರೂ ಇದ್ದರೆ ಬೇರೆ ಬ್ರಾಂಚಿಗೆ ಹಾಕಿ, ಮೇನ್ ಅನ್ನು ಅಪ್‌ಸ್ಟ್ರೀಮ್/ಮೇನ್‌ಗೆ ಹಾರ್ಡ್ ರೀಸೆಟ್ ಮಾಡುವುದು, ಅಂದರೆ ಅದರ ತದ್ರೂಪಿಗೆ ತಂದುಬಿಡುವುದು, ನೇರ ದಾರಿ. ನಮ್ಮ ಕಾಂಟ್ರಿಬ್ಯೂಟಿಂಗ್ ಕಡತದ ಮೊದಲ ಸಾಲೇ ಈಗ ‘ಮೇನ್ ಮುಟ್ಟಬೇಡಿ, ಹೊಸ ಬ್ರಾಂಚ್ ತೆಗೆಯಿರಿ’ ಎಂದಿದೆ. ಬೋರ್ಡ್ ಹಾಕಿದ ಮಾತ್ರಕ್ಕೆ ಎಲ್ಲರೂ ಓದುತ್ತಾರೆಂದೇನಿಲ್ಲ.

ಸ್ಕ್ವಾಶ್ ಆದ ಬ್ರಾಂಚನ್ನು ಸಣ್ಣ -ಡಿ ಕೊಟ್ಟು ಅಳಿಸಹೋದರೆ ‘ಪೂರ್ತಿ ಮರ್ಜ್ ಆಗಿಲ್ಲ’ ಎಂದು ಗಿಟ್ ತಡೆಯುವುದುಂಟು. ಗಾಬರಿ ಬೇಡ, ದೊಡ್ಡ -ಡಿ ಕೊಡಿ.

ಕಮಿಟ್ ಸಂದೇಶದ ಕಡೆ ಒಂದು ಕಣ್ಣಿರಲಿ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಹಲವು ಕಮಿಟ್ ಇರುವಾಗ ಪುಲ್ ರಿಕ್ವೆಸ್ಟಿನ ಶೀರ್ಷಿಕೆ ಬರುತ್ತದೆ, ಒಂದೇ ಇದ್ದರೆ ಆ ಕಮಿಟ್ಟಿನ ಶೀರ್ಷಿಕೆಯೇ. ‘ಫಿಕ್ಸ್’ ಎಂಬ ಒಂದೇ ಕಮಿಟ್ ಕಳಿಸಿದರೆ ಮೇನ್‌ನಲ್ಲಿ ಉಳಿಯುವುದೂ ‘ಫಿಕ್ಸ್’. ಸೆಟ್ಟಿಂಗ್ಸ್, ಜನರಲ್, ಪುಲ್ ರಿಕ್ವೆಸ್ಟ್ಸ್ ಭಾಗಕ್ಕೆ ಹೋಗಿ, ಸ್ಕ್ವಾಶ್ ಕೆಳಗಿನ ಡೀಫಾಲ್ಟ್ ಸಂದೇಶವನ್ನು ‘ಶೀರ್ಷಿಕೆ ಮತ್ತು ವಿವರಣೆ’ಗೆ ಬದಲಿಸಿ. ಉಳಿದೆರಡು ಬಟನ್‌ಗಳ ಟಿಕ್ ತೆಗೆಯುವುದೂ ಅಲ್ಲೇ. ಹಲವರು ಸೇರಿ ಬರೆದ ಕೋಡ್ ಆದರೆ ಸಹ-ಲೇಖಕರ ಸಾಲುಗಳು ಸಂದೇಶದ ತಳದಲ್ಲಿ ತಾವೇ ಬರುತ್ತವೆ, ಅವನ್ನು ಅಳಿಸಬೇಡಿ.

ಖರ್ಚಿನ ಮಾತು: ಪಬ್ಲಿಕ್ ರೆಪೊಗೆ (ಎಲ್ಲರಿಗೂ ತೆರೆದಿಟ್ಟ ಕೋಡ್ ಸಂಗ್ರಹ) ಬ್ರಾಂಚ್ ರಕ್ಷಣೆಯೂ, ಅಂದರೆ ಮೇನ್ ಒಳಗೆ ಏನು ಬರಬಹುದೆಂದು ನಿಯಮ ಹಾಕುವುದೂ, ಪುಕ್ಕಟೆ, ಮಾಮೂಲಿ ಯಂತ್ರಗಳ ಮೇಲೆ ಟೆಸ್ಟ್ ಓಡಿಸುವುದೂ ಪುಕ್ಕಟೆ. ಹಾಗಾಗಿ ಈ ಆಯ್ಕೆಯಲ್ಲಿ ಹಣದ ಪ್ರಶ್ನೆ ಇಲ್ಲ, ರಿವ್ಯೂ ಮಾಡುವವರ ರಾತ್ರಿಯ ಒಂದು ತಾಸಿನ ಪ್ರಶ್ನೆ.

ಸ್ಕ್ವಾಶ್ ಸಲ್ಲದ ಜಾಗವೂ ಇದೆ. ಸಾವಿರ ಸಾಲಿನ ಪುಲ್ ರಿಕ್ವೆಸ್ಟ್ ಒಂದೇ ಕಮಿಟ್ ಆದರೆ ಸಾಲು ಯಾವ ಕಮಿಟ್ಟಿನಿಂದ ಬಂತೆಂದು ಹೇಳುವ ಗಿಟ್ ಬ್ಲೇಮ್ ಯಾವ ಸಾಲಿಗೂ ಅದೇ ಸಂದೇಶ ತೋರಿಸುತ್ತದೆ. ಅಕ್ಷರ ಪಟ್ಟಿಯ ಬದಲಾವಣೆ ಒಂದು ಪುಲ್ ರಿಕ್ವೆಸ್ಟ್, ನಿಯಮದ ಬದಲಾವಣೆ ಇನ್ನೊಂದು ಎಂದು ಒಡೆಸುತ್ತೇವೆ. ನುರಿತವರು ಕಮಿಟ್‌ಗಳನ್ನು ಒಪ್ಪವಾಗಿ ಜೋಡಿಸಿ ಕಳಿಸಿದರೆ ಆ ಹೊತ್ತಿಗೆ ಮರ್ಜ್ ಕಮಿಟ್ ಬಟನ್ ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಬಂದ್. ಹೀಗೆ ಮಾಡುವ ಇರಾದೆ ಇದ್ದರೆ ಬ್ರಾಂಚ್ ರಕ್ಷಣೆಯಲ್ಲಿ ‘ಲೀನಿಯರ್ ಹಿಸ್ಟರಿ’ಗೆ ಟಿಕ್ ಹಾಕಬೇಡಿ. ಅದು ಇರುವವರೆಗೂ ಮರ್ಜ್ ಕಮಿಟ್ ಮೇನ್ ಒಳಗೆ ಬರುವುದಿಲ್ಲ.